ಅತ್ತೆಯ ಎಂಜಲು

ಬಗಿಲಾಳಿಗೆ ಆ ಆಸ್ಪತ್ರೆಯಲ್ಲಿ ಹಿಡಿಸಿದ್ದು ಒಂದೂ ಇರಲಿಲ್ಲ. ನೆಲ ಒರೆಸುವವಳು ಮೂಲೆಗಳನ್ನು ಬಿಟ್ಟು ನಡುಮಧ್ಯೆ ಮಾತ್ರ ಒರೆಸುತ್ತಿದ್ದಳು. ನರ್ಸು ಕೈಗವಸು ಹಾಕಿಕೊಂಡ ಮೇಲೆ ಮೂಗು ಮುಟ್ಟಿಕೊಂಡು, ಅದೇ ಕೈಯಲ್ಲಿ ಮಾತ್ರೆ ಕೊಡಲು ಬರುತ್ತಿದ್ದಳು. ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿದರೆ ಧೂಳು. ಅಲ್ಮಾಟಿ ನಗರದ ಹೋಟೆಲುಗಳಿಗೆಲ್ಲ ಬೀಗ ಜಡಿಯುವ ನೈರ್ಮಲ್ಯ ಇಲಾಖೆಯ ಮುಖ್ಯಸ್ಥೆ ಅವಳು. ಅವಳ ಕಾರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮಾಲೀಕರು ಅಡುಗೆಯವರ ಉಗುರನ್ನು ತಾವೇ ಕತ್ತರಿಸಲು ಕೂರುತ್ತಿದ್ದರು. ಅವಳ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ. ಕೈ ತೊಳೆಯುವವರು ಒಂದು, ತೊಳೆದೆ ಎಂದು ಸುಳ್ಳು ಹೇಳುವವರು ಇನ್ನೊಂದು. ಮೊದಲನೆಯ ಜಾತಿಯಲ್ಲಿ ತನ್ನನ್ನೂ ತನ್ನ ಮಗ ಆಲ್ದಿಯಾರ್‌ನನ್ನೂ ಬಿಟ್ಟು ಮೂರನೆಯವರನ್ನು ಅವಳು ಇನ್ನೂ ಕಂಡಿರಲಿಲ್ಲ.

ಅವಳಿಗೆ ಬಂದದ್ದು ರಕ್ತದ ಕ್ಯಾನ್ಸರ್. ಔಷಧಿ ಸಾಲದೆ ಕಾಂಡಕೋಶಗಳ ಕಸಿ ಮಾಡಬೇಕಾಯಿತು. ತಕ್ಕ ಜೋಡಿ ಸಿಕ್ಕಿದ್ದು ಜರ್ಮನಿಯ ಯಾರೋ ಒಬ್ಬನಲ್ಲಿ. ಅವನ ಹೆಸರು ಹೇಳುವ ಹಾಗಿರಲಿಲ್ಲ. ಬಗಿಲಾಳಿಗೆ ಅದು ಒಳಗೊಳಗೇ ಹೆಮ್ಮೆ. ಶುಭ್ರವಾದ ದೇಶದ ಶುಭ್ರವಾದ ರಕ್ತ. ನೋಡಲು ಬಂದ ನೆಂಟರು ಗಾಜಿನ ಗೋಡೆಯಾಚೆ ನಿಂತು, ಎಣ್ಣೆಯಲ್ಲಿ ಕರಿದ ಬೌರ್ಸಾಕು ಉಂಡೆಗಳ ಪೊಟ್ಟಣ ಎತ್ತಿ ತೋರಿಸಿ, ಫೋನಿನಲ್ಲಿ ಅಳುತ್ತಿದ್ದರು. ಅವರಿಗೆ ಅವಳು ಜರ್ಮನಿಯ ವಿಷಯವನ್ನು ಎರಡೆರಡು ಸಲ ಹೇಳಿದಳು. ಬೌರ್ಸಾಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಣ್ಣೆ ಎಷ್ಟು ಸಲ ಕಾದದ್ದೋ, ಹಿಟ್ಟು ನಾದಿದವಳು ತಲೆಗೆ ಬಟ್ಟೆ ಕಟ್ಟಿದ್ದಳೋ ಇಲ್ಲವೋ, ಯಾರಿಗೆ ಗೊತ್ತು?

ಕಸಿ ಹಿಡಿಯಿತು. ಹೊಸ ರಕ್ತ ಹುಟ್ಟತೊಡಗಿತು. ಅದರ ಬೆನ್ನಿಗೇ ಜ್ವರವೂ ಭೇದಿಯೂ ಬಂದವು, ಆಮೇಲೆ ಉಸಿರು ಭಾರವಾಯಿತು.

ವೈದ್ಯೆ ವೇರಾ ಲಿಗಾಯ್, ಅಲ್ಮಾಟಿಯಲ್ಲೇ ಹುಟ್ಟಿ ಬೆಳೆದ ಕೊರಿಯನ್ ಹೆಂಗಸು, ಸಣ್ಣ ದನಿಯವಳು. ಸಿಎಂವಿ ಎಂಬ ವೈರಸ್ಸು ಎದ್ದಿದೆ ಎಂದಳು. ಬಗಿಲಾ ಕೂಡಲೇ ನರ್ಸಿನ ಮೂಗನ್ನೂ ಕಿಟಕಿಯ ಧೂಳನ್ನೂ ಸಾಕ್ಷಿಗೆ ಕರೆದಳು. ವೈದ್ಯೆ ಅಲ್ಲವೆಂದು ತಲೆಯಾಡಿಸಿದಳು.

“ಇದು ಹೊರಗಿಂದ ಬಂದಿದ್ದಲ್ಲ. ಚಿಕ್ಕಂದಿನಿಂದ ನಿಮ್ಮೊಳಗೇ ಬಾಡಿಗೆ ಕೊಡದೆ ಕೂತಿತ್ತು. ನಿಮ್ಮ ಹಳೇ ರಕ್ತ ಅದನ್ನ ಅಮುಕಿ ಹಿಡಿದಿತ್ತು, ಈಗ ಅದು ಇಲ್ಲ.”

“ಅಂಥ ಹೊಲಸು ನನ್ನೊಳಗೆ ಹೇಗೆ ಬರುತ್ತೆ?”

“ನಮ್ಮ ಕಡೆ ಹೆಚ್ಚಿನವರಲ್ಲಿ ಇದೆ. ಎಳೆಗೂಸಾಗಿದ್ದಾಗ ತಾಯಿ ಹಾಲಲ್ಲಿ ಬರುತ್ತೆ, ಜೊಲ್ಲಲ್ಲಿ ಬರುತ್ತೆ. ನಿಮಗೂ ಯಾವುದೋ ಅಜ್ಜಿ ಮುತ್ತಿಟ್ಟಾಗ ಬಂದಿರಬೇಕು.”

ಬಗಿಲಾ ತನ್ನ ಅಜ್ಜಿಯನ್ನು ನೆನಪಿಸಿಕೊಂಡು ಮನಸ್ಸಿನಲ್ಲೇ ಒಂದು ನೋಟೀಸು ಜಾರಿ ಮಾಡಿದಳು. ಜರ್ಮನಿಯವನ ರಕ್ತ ಇದನ್ನು ಯಾಕೆ ತಡೆಯುವುದಿಲ್ಲ ಎಂದು ಕೇಳಿದಾಗ ಬಂದ ಉತ್ತರ ಇನ್ನೂ ಕೆಟ್ಟದಾಗಿತ್ತು. ಆ ಮನುಷ್ಯ ಎಷ್ಟು ಚೊಕ್ಕಟವೆಂದರೆ, ಈ ವೈರಸ್ಸಿನ ಮುಖವನ್ನೇ ಅವನು ನೋಡಿಲ್ಲ. ಅವನ ಕೋಶಗಳಿಗೆ ಇದು ಶತ್ರು ಎಂದೇ ಗೊತ್ತಾಗುವುದಿಲ್ಲ. ಹೋಗಿ ಹೋಗಿ ಅಷ್ಟು ದೂರದಿಂದ ಒಬ್ಬ ಕೆಲಸಕ್ಕೆ ಬಾರದವನನ್ನು ತಂದುಕೊಂಡೆನಲ್ಲ ಎಂದು ಅಂದಿನಿಂದ ಅವಳಿಗೆ ಜರ್ಮನಿಯ ಮೇಲೂ ತಾತ್ಸಾರ ಹುಟ್ಟಿತು.

ಮೊದಲು ಕೊಟ್ಟ ಔಷಧಿ ಹೊಸದಾಗಿ ಹುಟ್ಟಿದ ರಕ್ತವನ್ನೇ ತಿನ್ನತೊಡಗಿತು. ಅದನ್ನು ನಿಲ್ಲಿಸಿ ಎರಡನೆಯದನ್ನು ಹಚ್ಚಿದರೆ ಅದು ಮೂತ್ರಪಿಂಡದ ಮೇಲೆ ಬಿತ್ತು. ವೈರಸ್ಸು ಮಾತ್ರ ಇಳಿಯಲಿಲ್ಲ. ಕಡೆಗೆ ಲಿಗಾಯ್ ಹಾಸಿಗೆಯ ಪಕ್ಕ ಕೂತು ಉಳಿದಿರುವ ದಾರಿಯನ್ನು ಹೇಳಿದಳು. ಹತ್ತಿರದ ರಕ್ತಸಂಬಂಧಿಯೊಬ್ಬರು ಬೇಕು, ಅರ್ಧವಾದರೂ ಹೊಂದುವಂಥವರು. ಅವರ ರಕ್ತ ಈ ವೈರಸ್ಸಿನೊಂದಿಗೆ ಎಂದೋ ಕಾದಾಡಿ ಪಾಠ ಕಲಿತಿರಬೇಕು. ಆ ರಕ್ತದಿಂದ ಪಾಠ ಕಲಿತ ಟಿ ಕೋಶಗಳೆಂಬ ಕಾವಲು ಕೋಶಗಳನ್ನಷ್ಟೇ ಹೆಕ್ಕಿ ಬಗಿಲಾಳಿಗೆ ಕೊಟ್ಟರೆ, ಅವು ವೈರಸ್ಸನ್ನು ಹುಡುಕಿ ಹುಡುಕಿ ಕೊಲ್ಲುತ್ತವೆ. ಅಪರಿಚಿತರ ಕೋಶಗಳನ್ನು ಕೂಡಿಟ್ಟ ಸಂಗ್ರಹಗಳು ವಿದೇಶದಲ್ಲಿವೆ. ತರಿಸಬಹುದು, ಆದರೆ ಅಲ್ಲಿಯವರೆಗೆ ಮೂತ್ರಪಿಂಡ ತಡೆಯುವುದು ಅನುಮಾನ. ಇದಿಲ್ಲದಿದ್ದರೆ ತನ್ನ ಕೈಯಲ್ಲಿ ಬೇರೇನೂ ಉಳಿದಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

ಬಗಿಲಾಳ ಅಪ್ಪ ಅಮ್ಮ ಎಂದೋ ಹೋಗಿದ್ದರು, ಒಡಹುಟ್ಟಿದವರಿರಲಿಲ್ಲ. ಆಲ್ದಿಯಾರ್ ಬಂದು ತೋಳು ಕೊಟ್ಟ. ಅರ್ಧ ಹೊಂದಾಣಿಕೆ ಇದ್ದೇ ಇತ್ತು. ಆದರೆ ಅವನ ರಕ್ತವೂ ಜರ್ಮನಿಯವನದರಂತೆ ಖಾಲಿ ಹಾಳೆ. ಆ ವೈರಸ್ಸಿನ ಗುರುತು ಒಂದಿಷ್ಟೂ ಇರಲಿಲ್ಲ. ಇಲ್ಲಿ ಬೆಳೆದವನಿಗೆ ಇದು ಹೇಗೆ ತಗಲದೆ ಹೋಯಿತು ಎಂದು ಲಿಗಾಯ್ ಬೆರಗಾದಳು. ಬಗಿಲಾಳಿಗೆ ಬೆರಗಾಗಲಿಲ್ಲ. ಅವನ ಹಾಲಿನ ಬಾಟಲಿಯನ್ನು ಅವಳೇ ಕುದಿಸಿದ್ದಳು, ಆಟಿಕೆಗಳಿಗೆ ಕೂಡ ಇಸ್ತ್ರಿ ಹಾಕಿದ್ದಳು. ಮುದ್ದು ಮಾಡಲು ಬಂದವರನ್ನೆಲ್ಲ ಬಾಗಿಲಲ್ಲೇ ತಡೆದಿದ್ದಳು. ನೆಂಟರ ಮನೆಗೆ ಹೋದರೂ ಅವನ ಲೋಟ ಚಮಚ ಅವನ ಚೀಲದಲ್ಲೇ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ಅವಳು ಮೆರೆಸಿದ ಆ ಚೊಕ್ಕತನ ಈಗ ಮೂರು ಕಾಸಿನ ಪ್ರಯೋಜನಕ್ಕೂ ಬಾರದ್ದಾಯಿತು.

“ಬೇರೆ ಮಕ್ಕಳು?” ಎಂದು ಲಿಗಾಯ್ ಕೇಳಿದಳು.

“ಇಲ್ಲ. ಒಬ್ಬನೇ,” ಎಂದಳು ಬಗಿಲಾ. ಬಾಯಿಗೆ ಅಭ್ಯಾಸವಾಗಿ ಹೋದ ಉತ್ತರ ಅದು.

ಆಲ್ದಿಯಾರ್ ತನ್ನ ಬೂಟಿನ ತುದಿ ನೋಡುತ್ತಾ ನಿಂತ. ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ಬಾಯಿಬಿಟ್ಟು ಹೇಳಿದವರೂ ಯಾರೂ ಇರಲಿಲ್ಲ.

ಮೊದಲ ಮಗು ಗಂಡನ ಕಡೆಯ ಅಜ್ಜಿ ತಾತನ ಮಡಿಲಿಗೆ ಎಂಬುದು ಅಲ್ಲಿನ ರೂಢಿ. ಮದುವೆಯಾಗಿ ಬಗಿಲಾ ಹೋದದ್ದು ಕೆಗೆನ್ ಕಡೆಯ ಹಳ್ಳಿಗೆ. ಅತ್ತೆ ಬಾಲ್ಜಾನ್ ಕುದುರೆ ಮಂದೆಯ ನಡುವೆ ಬೆಳೆದ ಹೆಂಗಸು. ಮಾತಿಗೆ ನಿಂತರೆ ಗಂಡಸರೇ ಟೋಪಿ ಸರಿಮಾಡಿಕೊಂಡು ಎದ್ದುಹೋಗುತ್ತಿದ್ದರು. ಗಂಡುಮಗು ಹುಟ್ಟಿತು. ಬಾಲ್ಜಾನ್ ಅದನ್ನು ಎತ್ತಿಕೊಂಡು, ಬಂದ ನೆಂಟರೆಲ್ಲ ನೋಡುತ್ತಿದ್ದಂತೆ, ನನ್ನ ಹಾಗೆ ಗಟ್ಟಿಯಾಗು ಎಂದು ಹರಸಿ ಅದರ ಬಾಯೊಳಗೆ ಉಗುಳಿದಳು. ಅದೂ ಅಲ್ಲಿನ ರೂಢಿಯೇ. ಯಾರ ಉಗುಳೋ ಅವರ ಗುಣ. ಆಮೇಲೆ ಕುರಿಯ ಬಾಲದ ಕೊಬ್ಬನ್ನು ತನ್ನ ಹಲ್ಲಿನಲ್ಲೇ ಅಗಿದು ಮೆತ್ತಗೆ ಮಾಡಿ ಅದರ ತುಟಿಗಿಟ್ಟಳು. ನೈರ್ಮಲ್ಯದ ಕಾಲೇಜಿನಲ್ಲಿ ಓದಿ ಬಂದಿದ್ದ ಎಳೆ ಬಾಣಂತಿ ಎಲ್ಲರೆದುರು ಅತ್ತೆಯ ಮುಖಕ್ಕೆ ಹೇಳಿದಳು, “ಥೂ, ಹೊಲಸು.”

“ಹೊಲಸಿನಲ್ಲಿ ನಿನಗೇನು ಕೆಲಸ? ನಿನ್ನ ಪಟ್ಟಣಕ್ಕೆ ಹೋಗು,” ಎಂದಳು ಬಾಲ್ಜಾನ್.

ಬಗಿಲಾ ಗಂಡನ ಜೊತೆ ಅಲ್ಮಾಟಿಗೆ ಹೋದಳು. ಮಗುವಿಗೆ ಒಂದು ಗುಟುಕು ಹಾಲನ್ನೂ ಊಡದೆ ಹೋದಳು. ಅಸಹ್ಯದಿಂದ ಹೋದೆ ಎಂದು ಅವಳು ತನಗೆ ತಾನೇ ಹೇಳಿಕೊಂಡು ಮೂವತ್ತು ವರ್ಷ ಕಳೆದಿದ್ದಳು. ಅದು ಅಸಹ್ಯವಲ್ಲ, ಶುದ್ಧ ಹೊಟ್ಟೆಕಿಚ್ಚು. ಮಗು ಆ ಮುದುಕಿಯ ಎಂಜಲನ್ನು ಚಪ್ಪರಿಸಿ ನಕ್ಕಿತ್ತು.

ಮಗು ಅಜ್ಜಿಯ ಮಗನಾಯಿತು. ಕಾಗದದಲ್ಲೂ ಹಾಗೇ ಆಯಿತು. ಬಗಿಲಾಳಿಗೆ ಅವನು ಮೈದುನ, ಅವನಿಗೆ ಅವಳು ಅತ್ತಿಗೆ. ಗಂಡನ ಕಡೆಯವರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡಬಾರದು, ಅಡ್ಡಹೆಸರಿಟ್ಟು ಕರೆಯಬೇಕು. ಹಾಗಾಗಿ ಅವಳು ತಾನು ಹೆತ್ತವನನ್ನು ಕೆಂಜೆ ಎಂದು ಕರೆದಳು, ಮನೆಗೆ ಕಿರಿಯವನು ಎಂದು. ಎಸ್ಬೊಲ್ ಎಂಬ ಅವನ ಹೆಸರನ್ನು ಒಂದು ದಿನವೂ ನುಡಿಯಲಿಲ್ಲ. ನುಡಿಯಲಾಗದ್ದನ್ನು ಹೀಗಳೆಯುವುದು ಸುಲಭ. ಕುದುರೆಯ ವಾಸನೆಯವನು, ಬೆರಳುಗಳ ಸಂದಿಯಲ್ಲಿ ಮಣ್ಣು ಇಟ್ಟುಕೊಂಡವನು, ಕುದುರೆ ಹಾಲು ಹುಳಿ ಬರಿಸಿದ ಕುಮಿಸನ್ನು ಹಳೆಯ ಕೋಲಾ ಬಾಟಲಿಗಳಲ್ಲಿ ತುಂಬಿ ಹೆದ್ದಾರಿಯ ಪಕ್ಕ ಮಾರುವವನು. ಒಂದು ಬೇಸಿಗೆ ಅವಳು ತನ್ನ ಇಲಾಖೆಯವರನ್ನೇ ಕಳಿಸಿ ಆ ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿಸಿದ್ದಳು. ಮುಂದಿನ ಹಬ್ಬಕ್ಕೆ ಅವನು ಮತ್ತೆ ಎರಡು ಬಾಟಲಿ ತಂದು, ಇದು ಕುದಿಸಿದ ಬಾಟಲಿ ಅತ್ತಿಗೆ, ಎಂದು ಬಾಗಿಲಲ್ಲಿಟ್ಟು ಹೋಗಿದ್ದ. ಅವನ್ನೂ ಅವಳು ಚೆಲ್ಲಿದ್ದಳು. ಈ ಆಸ್ಪತ್ರೆಗೆ ಬಂದ ಮೇಲೂ ಅವನು ಪ್ರತಿ ಭಾನುವಾರ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬರುತ್ತಿದ್ದ. ಅವನು ಬಂದಾಗಲೆಲ್ಲ ಅವಳು ನಿದ್ದೆಯ ನಾಟಕ ಆಡಿದ್ದಳು.

ಎರಡು ದಿನ ಅವಳು ಮನಸ್ಸಿನಲ್ಲೇ ಹೊರಳಾಡಿದಳು. ಮೂರನೆಯ ದಿನ ಉಸಿರಿಗೆ ಆಮ್ಲಜನಕದ ಕೊಳವೆ ಏರಿತು. ಆಗ ಲಿಗಾಯ್‌ಗೆ ಹೇಳಿ ಕಳಿಸಿದಳು. ಬುದ್ಧಿವಂತಿಕೆ ಮಾಡಿದೆ ಎಂದುಕೊಂಡು, ತನ್ನ ಮೈದುನನ ರಕ್ತವನ್ನೂ ಒಮ್ಮೆ ನೋಡಿಬಿಡಿ ಎಂದಳು.

“ಗಂಡನ ತಮ್ಮನಿಗೂ ನಿಮಗೂ ರಕ್ತಸಂಬಂಧ ಏನಿದೆ? ಬಸ್‌ಸ್ಟಾಪಲ್ಲಿ ನಿಂತೋರನ್ನ ಕರೆದು ನೋಡಿದ ಹಾಗಾಗುತ್ತೆ.”

“ಆದ್ರೂ ನೋಡಿ.”

ಲಿಗಾಯ್ ಅವಳ ಮುಖವನ್ನೇ ನೋಡಿದಳು. ಮೈದುನನಿಗೆ ವಯಸ್ಸೆಷ್ಟು ಎಂದು ಕೇಳಿದಳು, ಅತ್ತೆಗೆಷ್ಟು ಎಂದು ಕೇಳಿದಳು. ಆಮೇಲೆ ಒಂದರಿಂದ ಇನ್ನೊಂದನ್ನು ಕಳೆದು ನೋಡಿದಳು. ಅವಳೂ ಆ ನೆಲದಲ್ಲೇ ಬೆಳೆದವಳು.

“ಐವತ್ತು ದಾಟಿದ ಮೇಲೆ ಹೆತ್ತರಾ ನಿಮ್ಮತ್ತೆ? ಗಟ್ಟಿಗಿತ್ತಿ. ನೋಡಿ, ನನಗೆ ಅರ್ಥ ಆಗಲ್ಲ ಅಂತಲ್ಲ. ಆದರೆ ಊಹೆ ಮೇಲೆ ನಾನು ಸೂಜಿ ಚುಚ್ಚಲ್ಲ. ಅವರು ನಿಮಗೇನಾಗಬೇಕು ಅಂತ ನೀವೇ ಹೇಳ್ಬೇಕು, ಅವರಿಗೂ ಗೊತ್ತಿದ್ದು ಒಪ್ಪಬೇಕು.”

“ಅದನ್ನ ಹೇಳೋ ಹಕ್ಕು ನನಗಿಲ್ಲ. ಅತ್ತೆ ಬಿಟ್ಟುಕೊಡಬೇಕು.”

“ಹಾಗಾದ್ರೆ ಅತ್ತೇನ ಕೇಳಿ, ಬೇಗ ಕೇಳಿ. ನಿಮ್ಮ ಕಿಡ್ನಿ ಪದ್ಧತಿ ಗಿದ್ಧತಿ ನೋಡ್ಕೊಂಡು ಕಾಯಲ್ಲ.”

ಬಾಲ್ಜಾನ್ ಮರುದಿನವೇ ಬಂದಳು. ಎಂಬತ್ತು ದಾಟಿದ ಮುದುಕಿ, ತಲೆಗೆ ಬಿಳಿ ವಸ್ತ್ರ, ಮೇಲೆ ಮಖಮಲ್ಲಿನ ಅಂಗಿ. ಎಸ್ಬೊಲ್ ಅವಳ ತೋಳು ಹಿಡಿದು ಕರೆತಂದು ಗಾಜಿನೆದುರು ಕುರ್ಚಿಯಲ್ಲಿ ಕೂರಿಸಿದ. ಮುದುಕಿ ಫೋನನ್ನು ಕಿವಿಗಿಟ್ಟುಕೊಳ್ಳದೆ, ಸ್ಪೀಕರ್ ಹಾಕಿಸಿ ರೊಟ್ಟಿಯ ಹಾಗೆ ಅಂಗೈ ಮೇಲಿಟ್ಟುಕೊಂಡು ಜೋರಾಗಿ ಮಾತಾಡಿದಳು. ಕೂದಲುದುರಿದ ಸೊಸೆಯ ತಲೆಯನ್ನು, ಮೂಗಿನ ಕೊಳವೆಯನ್ನು ಅವಳು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿದಳು. ಆ ನೋಟ ಬಗಿಲಾಳಿಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲಿನ ಅಡುಗೆಮನೆಗಳಲ್ಲಿ ಅವಳದೂ ಅದೇ ನೋಟ.

“ಅಪಾ, ಡಾಕ್ಟರು ರಕ್ತ ಕೇಳ್ತಿದಾರೆ,” ಎಂದಳು ಬಗಿಲಾ. ಅಲ್ಲಿನ ಸೊಸೆಯರು ಅತ್ತೆಯನ್ನು ಕರೆಯುವುದು ಹಾಗೆ.

“ಯಾರ್ದು, ನಂದಾ? ಇದು ಮುದಿ ರಕ್ತ ಕಣೆ.”

“ನಿಮ್ಮದಲ್ಲ. ಕೆಂಜೆದು.”

“ಅವನ್ದು ನಿನಗ್ಯಾಕೆ? ಅವನು ನಿನ್ನ ಮೈದುನ. ಮೈದುನನ ರಕ್ತ ಅತ್ತಿಗೆಗೆ ಹೊಂದುತ್ತಾ?”

“ನಿಮಗೆ ಗೊತ್ತು ಅಪಾ.”

“ನನಗೇನು ಗೊತ್ತಮ್ಮ? ನಾನು ಹೊಲಸು ಮುದುಕಿ. ಓದಿದೋಳು ನೀನು. ನೀನೇ ಹೇಳು.”

ಹೇಳಿಸಿಯೇ ಬಿಡುತ್ತಾಳೆ ಈ ಮುದಿ ಮಾರಿ ಎಂದು ಬಗಿಲಾ ಹಲ್ಲು ಕಚ್ಚಿದಳು. ಸಾಯುವುದು ಮೇಲು ಎಂದೂ ಅನ್ನಿಸಿತು. ಆದರೆ ಉಸಿರು ಎಳೆದುಕೊಂಡಾಗ ಎದೆಯಲ್ಲಿ ಚುಚ್ಚಿತು, ಸಾಯುವುದು ಮೇಲೇನೂ ಅಲ್ಲವೆಂದು ಗೊತ್ತಾಯಿತು. ಅವಳಿಗೆ ಬದುಕಬೇಕಿತ್ತು. ಗಾಜಿನಾಚೆ ಎಸ್ಬೊಲ್ ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ನೆಲ ನೋಡುತ್ತಿದ್ದ. ಕಿವಿ ಅವಳ ಅಪ್ಪನದೇ ಕಿವಿ, ಅಗಲ, ಮುಂದಕ್ಕೆ ಬಾಗಿದ್ದು. ಅದನ್ನು ಇಷ್ಟು ವರ್ಷ ಅವಳು ನೋಡದೆ ಇರಲು ಬಹಳ ಕಷ್ಟಪಟ್ಟಿದ್ದಳು.

“ಅವನು ನಾನು ಹೆತ್ತವನು.”

“ಅವನಿಗೆ ಹೆಸರಿಲ್ವಾ?”

“ಎಸ್ಬೊಲ್,” ಎಂದಳು ಬಗಿಲಾ. ಹೆಸರು ಗಂಟಲಿಗೆ ಹೊಸದು, ಕೆಮ್ಮು ಬಂತು. “ಎಸ್ಬೊಲ್ ನನ್ನ ಮಗ.”

ಎಸ್ಬೊಲ್‌ನ ಕೈಯಲ್ಲಿ ಟೋಪಿ ತಿರುಗುವುದು ನಿಂತಿತು. ಮುದುಕಿಯ ಅಂಗೈಯಿಂದ ಫೋನು ಜಾರಿ ಮಡಿಲಿಗೆ ಬಿತ್ತು. ಅವಳು ಅದನ್ನು ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಬಗಿಲಾ ಅವಳ ಮುಖವನ್ನು ಕಂಡಳು, ಕಂಡು ಬೆಚ್ಚಿದಳು. ಅಲ್ಲಿ ತಿರಸ್ಕಾರ ಇರಲಿಲ್ಲ, ಭಯವಿತ್ತು. ಕಸಿದುಕೊಳ್ಳುತ್ತಾಳೆ ಎಂಬ ಭಯ. ಇಷ್ಟು ವರ್ಷವೂ ಇದ್ದದ್ದು ಅದೇ ಇರಬೇಕು.

“ನೀನೊಂದ್ಸಲ ಹೇಳ್ದೆ,” ಎಂದಳು ಬಾಲ್ಜಾನ್, ದನಿ ಮತ್ತೆ ಗಡುಸಾಗಿತ್ತು. “ಡಾಕ್ಟರ ಹತ್ರ ಇನ್ನೊಂದ್ಸಲ ಹೇಳು. ಆಮೇಲೆ ನುಂಗ್ಕೋ. ಬದುಕಿದ್ರೆ ಅವನು ನಿನ್ನ ಮೈದುನ, ನೀನು ಅವನತ್ತಿಗೆ. ನಾನು ಕಣ್ಣು ಮುಚ್ಚೋ ತನಕ ಇದು ತಪ್ಪಬಾರದು. ಒಪ್ತೀಯಾ?”

“ಒಪ್ಕೋತೀನಿ.”

ಎಸ್ಬೊಲ್ ಮುದುಕಿಯ ಕೈಯಿಂದ ಫೋನು ತೆಗೆದುಕೊಂಡ. ಏನು ಹೇಳುತ್ತಾನೋ ಎಂದು ಬಗಿಲಾಳ ಜೀವ ಹಿಡಿಯಷ್ಟಾಯಿತು. ಬೈದರೆ ಬೈಯಲಿ, ಆ ಚೆಲ್ಲಿದ ಬಾಟಲಿಗಳ ಲೆಕ್ಕ ಕೇಳಿದರೂ ಕೇಳಲಿ.

“ಅತ್ತಿಗೆ, ಎಡಗೈ ಕೊಟ್ರೆ ಆಗುತ್ತಾ ಕೇಳಿ,” ಎಂದ ಅವನು. “ನಾಳೆ ಒಂದು ಕುದುರೆ ಮರೀನ ಪಳಗಿಸೋದಿದೆ. ಬಲಗೈ ಬೇಕು.”

ಅವನ ರಕ್ತದಲ್ಲಿ ಲಿಗಾಯ್ ಹುಡುಕುತ್ತಿದ್ದದ್ದು ಬೇಕಾದಷ್ಟಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅಂದು ಅವಳ ಸಣ್ಣ ದನಿಯೂ ದೊಡ್ಡದಾಯಿತು. ಇಂಥ ರಕ್ತವನ್ನು ಅಪರೂಪಕ್ಕೆ ನೋಡುತ್ತೇವೆ, ತೀರಾ ಎಳೆಗೂಸಾಗಿದ್ದಾಗಲೇ ವೈರಸ್ಸು ಹೊಕ್ಕಿರಬೇಕು ಎಂದಳು. ಎಷ್ಟು ತಿಂಗಳು ಹಾಲು ಕುಡಿಸಿದಿರಿ ಎಂದು ಸುಮ್ಮನೆ ಕೇಳಿದಳು.

“ಕುಡಿಸಲಿಲ್ಲ,” ಎಂದಳು ಬಗಿಲಾ.

“ಓ. ಹಾಗಾದ್ರೆ ಯಾರದೋ ಎಂಜಲು.”

ಬಗಿಲಾ ಗೋಡೆಯ ಕಡೆ ಹೊರಳಿ ಮಲಗಿದಳು. ಆಕಾಶಕ್ಕೆ ಉಗುಳಿದವರ ಗತಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅವಳದು ಕೆಳಗೆ ಬೀಳಲು ಮೂವತ್ತು ವರ್ಷ ಹಿಡಿದಿತ್ತು, ಅಷ್ಟೇ. ಅವಳ ಕುದಿಸಿದ ಬಾಟಲಿಗಳು, ಇಸ್ತ್ರಿಯ ಆಟಿಕೆಗಳು, ಜರ್ಮನಿಯ ಶುಭ್ರ ರಕ್ತ ಎಲ್ಲವೂ ಕೈಕೊಟ್ಟು, ಒಬ್ಬ ಮುದುಕಿಯ ಬಾಯ ಜೊಲ್ಲು ಕಾಯಲು ಬಂದಿತ್ತು. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ತನ್ನ ಮೇಲೆಯೇ ಇಷ್ಟು ಹೇಸಿಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಹೆಕ್ಕಿದ ಕೋಶಗಳು ಬಂದದ್ದು ಒಂದು ಚಿಕ್ಕ ಸಿರಿಂಜಿನಲ್ಲಿ. ತೆಳ್ಳಗೆ, ನೀರಿನಂಥದ್ದು. ಇಷ್ಟೇನಾ ಎಂದು ಕೇಳಿದ್ದಕ್ಕೆ, ಅಕ್ಕಿ ಮೂಟೆ ತರಲಾ ಎಂದಳು ಲಿಗಾಯ್. ಕೊಟ್ಟ ಮೇಲೆ ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಮ್ಮೆ ಜ್ವರ ಏರಿತು. ಕೈಮೇಲೆ ಕೆಂಪು ಗಂಧೆ ಎದ್ದಾಗ, ಹೊಸ ಕೋಶಗಳು ಇವಳ ಮೈಯನ್ನೇ ಶತ್ರು ಎಂದುಕೊಂಡವೋ ಏನೋ ಎಂದು ವೈದ್ಯೆಯೇ ಹೆದರಿದಳು. ಗಂಧೆ ಇಳಿಯಿತು. ಅದರ ಹಿಂದೆಯೇ ವೈರಸ್ಸಿನ ಮಟ್ಟವೂ ಇಳಿಯತೊಡಗಿ, ಪರೀಕ್ಷೆಯಿಂದ ಪರೀಕ್ಷೆಗೆ ಅರ್ಧವಾಗಿ, ಕಡೆಗೆ ಸಿಗದೆ ಹೋಯಿತು. ಎದೆ ಹಗುರಾಯಿತು. ಮೂತ್ರಪಿಂಡ ಪೂರ್ತಿ ಅಲ್ಲದಿದ್ದರೂ ಸುಧಾರಿಸಿತು. ಹುಷಾರಾದ ಗುರುತಿಗೆ ಬಗಿಲಾ ನೆಲ ಒರೆಸುವವಳನ್ನು ಕರೆದು ಮಂಚದ ಕೆಳಗಿನ ಮೂಲೆ ತೋರಿಸಿದಳು.

ಮನೆಗೆ ಹೊರಟ ದಿನ ಆಲ್ದಿಯಾರ್ ಕೈಯಲ್ಲಿ ಕ್ರಿಮಿನಾಶಕದ ಒದ್ದೆ ಬಟ್ಟೆಗಳ ಡಬ್ಬಿ ಹಿಡಿದು, ಬಾಗಿಲ ಹಿಡಿಕೆಗಳನ್ನು ಒರೆಸುತ್ತಾ ಮುಂದೆ ನಡೆದ. ಅವನ ಕಾರು ಕೆಟ್ಟಿತ್ತು. ಕರೆದೊಯ್ಯಲು ಎಸ್ಬೊಲ್ ಬಂದಿದ್ದ. ಕಾರಿನೊಳಗೆ ಕುದುರೆಯ ವಾಸನೆ ಇದ್ದೇ ಇರುತ್ತದೆಂದು ಅವಳಿಗೆ ಗೊತ್ತಿತ್ತು, ಇತ್ತು ಕೂಡ. ಮುಂದಿನ ಸೀಟಿನಲ್ಲಿ ಬಾಲ್ಜಾನ್ ಕಿಟಕಿ ಇಳಿಸಿಕೊಂಡು ಕೂತಿದ್ದಳು. ಎಸ್ಬೊಲ್ ಬಗಿಲಾಳ ಚೀಲ ತೆಗೆದುಕೊಂಡು ಇನ್ನೊಂದು ಕೈಯನ್ನು ಅವಳ ಮೊಣಕೈ ಕೆಳಗೆ ಹಿಡಿದ.

“ಮೆಟ್ಟಿಲಿದೆ ಅತ್ತಿಗೆ. ನಿಧಾನ.”

ಅವನ ಎಡಗೈಯ ಮಡಿಕೆಯಲ್ಲಿ ಸೂಜಿ ಚುಚ್ಚಿದ ಕಡೆ ಇನ್ನೂ ಚುಕ್ಕೆಯಂಥ ಕಲೆಯಿತ್ತು. ಅವಳು ಅದನ್ನು ನೋಡಿದಳು. ಮುಖಗವಸಿನೊಳಗೆ ಅವಳ ತುಟಿಗಳು ಆ ಹೆಸರಿಗಾಗಿ ತೆರೆದುಕೊಂಡವು. ಒಂದೇ ಒಂದು ಸಲ ಕರೆಯಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಾಲು ನಿಂತೇಬಿಟ್ಟಿತು. ಕಿಟಕಿಯಲ್ಲಿ ಮುದುಕಿಯ ಬಿಳಿ ವಸ್ತ್ರ ಅಲುಗಾಡದೆ ಕಾಯುತ್ತಿತ್ತು.

“ಸರಿ ಕೆಂಜೆ,” ಎಂದಳು ಬಗಿಲಾ. “ಚೀಲ ಹಿಂದೆ ಇಡು.”

ಮುದುಕಿಗೆ ಅದು ಕೇಳಿಸಿತು. ಅವಳು ನಿಧಾನವಾಗಿ ಕುತ್ತಿಗೆ ತಿರುಗಿಸಿ, ಸೊಸೆಯ ತಲೆಯ ಮೇಲೆ ಹೊಸದಾಗಿ ಚಿಗುರಿದ ಕುರುಚಲು ಕೂದಲನ್ನು ನೋಡಿದಳು. ಪರವಾಗಿಲ್ಲ, ಮುಖದಲ್ಲಿ ಬಣ್ಣ ಬಂದಿದೆ ಎಂದಳು. ಹೊಗಳಿದ ಮೇಲೆ ದೃಷ್ಟಿ ತಾಗಬಾರದಲ್ಲ. ಕಿಟಕಿಯಿಂದ ತಲೆ ಹೊರಗೆ ಚಾಚಿ ಬಗಿಲಾಳ ಮುಖದ ಕಡೆಗೆ ತ್ಫು, ತ್ಫು, ತ್ಫು ಎಂದು ಮೂರು ಸಲ ಉಗುಳಿದಳು. ಬರೀ ಸದ್ದು ಮಾಡಿದರೂ ಸಾಕಿತ್ತು, ಆದರೆ ಬಾಲ್ಜಾನ್ ಯಾವುದನ್ನೂ ಬರೀ ಸದ್ದಿಗೆ ಮಾಡಿದವಳಲ್ಲ. ಒಂದು ಹನಿ ಬಂದು ಬಗಿಲಾಳ ಹುಬ್ಬಿನ ಮೇಲೆ, ಮುಖಗವಸು ಮುಚ್ಚದ ಕಡೆ, ಕೂತಿತು.

ಲಿಗಾಯ್ ನೋಡಿದ್ದರೆ ಕೂಗಿಕೊಳ್ಳುತ್ತಿದ್ದಳು. ಆಲ್ದಿಯಾರ್ ನಿಜವಾಗಿಯೂ ಹೌಹಾರಿ, ಡಬ್ಬಿಯಿಂದ ಒದ್ದೆ ಬಟ್ಟೆ ಎಳೆದುಕೊಂಡು ಓಡಿಬಂದ. ಥೂ ಮುದುಕಿ, ಬಾಯಿ ನಾರುತ್ತದೆ ಎಂದು ಬಗಿಲಾ ಮನಸ್ಸಿನಲ್ಲೇ ಬೈದುಕೊಂಡಳು. ಮಗನ ಕೈಯನ್ನು ಪಕ್ಕಕ್ಕೆ ಸರಿಸಿ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಎಸ್ಬೊಲ್ ಕಾರು ಹೊರಡಿಸಿದ. ಮನೆ ಬರುವವರೆಗೂ ಅವಳು ಹುಬ್ಬು ಒರೆಸಿಕೊಳ್ಳಲಿಲ್ಲ.